ಗೇಜ್ ರಾಡ್: ಮೂರು ವರ್ಷ ಬಳಸಿದ ಮೇಲೆ

ನಮ್ಮ ಸರಕು ಸೈಡಿಂಗ್‌ನ ತಿರುವಿಗೆ 16 ಗೇಜ್ ರಾಡ್ ಹಾಕಿ ಮೂರು ವರ್ಷ ಆಯಿತು. ಎರಡು ಹಳಿ ಒಂದರಿಂದ ಒಂದು ದೂರ ಸರಿಯದಂತೆ ಅಡ್ಡಲಾಗಿ ಹಿಡಿದಿಡುವ ಉಕ್ಕಿನ ಸರಳು ಇದು. ಎರಡು ತುದಿಯಲ್ಲಿ ಹಳಿಯ ಪಾದವನ್ನು, ಅಂದರೆ ಕೆಳಗಿನ ಅಗಲ ಭಾಗವನ್ನು, ಕಚ್ಚಿಕೊಳ್ಳುವ ದವಡೆ, ಒಂದು ಕಡೆ ಬಿಗಿ ಮಾಡಲು ನಟ್, ಅಷ್ಟೇ. ದಪ್ಪ ಎಷ್ಟು, ಯಾವ ಉಕ್ಕು, ಎಷ್ಟು ಎಳೆತ ತಡೆಯುತ್ತದೆ ಎಂಬುದೆಲ್ಲ ತಯಾರಕರ ಹಾಳೆಯಲ್ಲೇ ಸಿಗುತ್ತದೆ. ಒಂದೂವರೆ ವರ್ಷದ ಹಿಂದೆ ಈ ವಿಮರ್ಶೆ ಬರೆದಿದ್ದರೆ ಯೋಚನೆ ಮಾಡದೆ ಕೊಳ್ಳಿ ಅನ್ನುತ್ತಿದ್ದೆ. ಈಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ.

ಯಾಕೆ ಕೊಂಡೆವು ಅನ್ನುವುದನ್ನು ಮೊದಲು ಹೇಳುತ್ತೇನೆ. ನಮ್ಮದು ಹಳಿಯ ಕೆಳಗೆ ಅಡ್ಡಲಾಗಿ ಮರದ ತೊಲೆ, ಅಂದರೆ ಮರದ ಸ್ಲೀಪರ್, ಹಾಕಿದ ಹಳೆಯ ದಾರಿ. ತಿರುವಿನಲ್ಲಿ ಸ್ಪೈಕ್, ಅಂದರೆ ಹಳಿಯನ್ನು ಮರಕ್ಕೆ ಹಿಡಿದಿಡುವ ದಪ್ಪ ಮೊಳೆ, ಹೊಡೆದ ತೂತುಗಳು ಅಗಲವಾಗಿದ್ದವು. ಕೆಲವು ಸ್ಪೈಕ್ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿದ್ದವು. ಗೇಜ್, ಅಂದರೆ ಎರಡು ಹಳಿಯ ನಡುವಿನ ಅಂತರ, ಇರಬೇಕಾದ್ದಕ್ಕಿಂತ ಒಂದು ಕಡೆ 14 ಮಿ.ಮೀ. ಜಾಸ್ತಿ, ಇನ್ನೊಂದು ಕಡೆ 17. ಸ್ಲೀಪರ್ ಬದಲಿಸುವುದೇ ಸರಿಯಾದ ದಾರಿ ಅಂತ ಎಲ್ಲರಿಗೂ ಗೊತ್ತು. ಆದರೆ ನಮಗೆ ವರ್ಷಕ್ಕೆ ಸಿಗುವುದು ಎಂಟೋ ಹತ್ತೋ ಸ್ಲೀಪರ್. ಬೇಕಾಗಿದ್ದದ್ದು ನಲವತ್ತಕ್ಕೂ ಮೇಲೆ. ಹಾಗಾಗಿ ರಾಡ್.

ತಿರುವಿನಲ್ಲಿ ಹಳಿ ಯಾಕೆ ಅಗಲವಾಗುತ್ತದೆ ಎಂಬುದಕ್ಕೆ ವೇಗವನ್ನೇ ದೂರುವವರು ಜಾಸ್ತಿ. ನಮ್ಮ ಗಾಡಿಗಳು ನಡೆದಾಡುವಷ್ಟು ನಿಧಾನವಾಗಿ ಹೋಗುತ್ತವೆ, ಆದರೂ ಅಗಲವಾಗುತ್ತಿತ್ತು. ಮೂರು ಆಕ್ಸಲ್‌ನ ಬೋಗಿ (ಚಕ್ರಗಳನ್ನು ಹಿಡಿದಿರುವ ಕೆಳಗಿನ ಚೌಕಟ್ಟು) ಇರುವ ಲೋಕೋ ಬಿಗಿ ತಿರುವಿಗೆ ಬಂದಾಗ ಮುಂದಿನ ಆಕ್ಸಲ್ ಹಳಿಯ ಜೊತೆ ಪೂರ್ತಿ ತಿರುಗುವುದಿಲ್ಲ, ಸ್ವಲ್ಪ ಓರೆಯಾಗಿಯೇ ಮುಂದೆ ಹೋಗುತ್ತದೆ. ಹೊರಗಡೆ ಚಕ್ರದ ಫ್ಲೇಂಜ್, ಅಂದರೆ ಚಕ್ರದ ಒಳ ಅಂಚಿನ ಎತ್ತರದ ಏಣು, ಹೊರ ಹಳಿಯನ್ನು ಒತ್ತುತ್ತದೆ. ಒಳಗಡೆ ಚಕ್ರ ಉಜ್ಜಿಕೊಂಡು ಹೋಗುತ್ತಾ ಒಳ ಹಳಿಯನ್ನು ತಿರುವಿನ ಒಳಬದಿಗೆ ತಳ್ಳುತ್ತದೆ. ಎರಡೂ ಸೇರಿ ಹಳಿಗಳನ್ನು ಬೇರೆ ಬೇರೆ ಕಡೆಗೆ ನೂಕುತ್ತವೆ. ಇದು ಪ್ರತಿ ಗಾಡಿಯಲ್ಲೂ ನಡೆಯುವ ಕೆಲಸ.

ಹಾಕುವ ಕೆಲಸ ಕಷ್ಟ ಅಲ್ಲ, ತಾಳ್ಮೆ ಬೇಕು. ಎರಡು ಸ್ಲೀಪರ್ ನಡುವಿನ ಜಲ್ಲಿಯನ್ನು ಹಳಿಯ ಪಾದಕ್ಕಿಂತ ಕೆಳಗಿನವರೆಗೆ ತೆಗೆಯಬೇಕು. ರಾಡ್ ಹಳಿಗೆ ನೇರ ಅಡ್ಡ ಕೂರಬೇಕು, ಓರೆಯಾದರೆ ಮೊದಲ ವಾರದಲ್ಲೇ ಸಡಿಲ. ಒಂದು ತಪ್ಪನ್ನು ನಾವೂ ಮಾಡಿದೆವು. ನಟ್ ತಿರುಗಿಸಿಯೇ ಹಳಿಯನ್ನು ಒಳಗೆ ಎಳೆಯಲು ಹೋದೆವು. ಎರಡು ರಾಡ್‌ನ ಥ್ರೆಡ್ ಹಾಳಾಯಿತು. ಹಳಿಯನ್ನು ಹಾರೆ ಹಾಕಿ ಜಾಗಕ್ಕೆ ತಂದು, ಸ್ಪೈಕ್ ಹೊಡೆದು, ಆಮೇಲೆ ರಾಡ್ ಬಿಗಿ ಮಾಡಬೇಕು. ರಾಡ್ ಇರುವುದು ಹಿಡಿದುಕೊಳ್ಳಲು, ಎಳೆಯಲು ಅಲ್ಲ.

ಹಾಕಿದ ಮೇಲೆ ನನಗೆ ಸಿಕ್ಕಿದ ಸಂತೋಷವನ್ನು ಸಣ್ಣದು ಅನ್ನಲಾರೆ. ಬೆಳಿಗ್ಗೆ ಬೆಳಕಾಗುವ ಹೊತ್ತಿಗೆ ಒಂದು ಚಿಕ್ಕ ಸುತ್ತಿಗೆ ಹಿಡಿದು ತಿರುವಿನ ಉದ್ದಕ್ಕೂ ನಡೆಯುತ್ತೇನೆ. ಪ್ರತಿ ರಾಡ್‌ನ ನಡು ಭಾಗಕ್ಕೆ ಒಂದು ಪೆಟ್ಟು. ಬಿಗಿಯಾಗಿದ್ದರೆ ಟಣ್ ಅಂತ ಸದ್ದು ಬಂದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಸಡಿಲವಾಗಿದ್ದರೆ ಟಪ್ ಅಂದು ಅಲ್ಲೇ ಸಾಯುತ್ತದೆ. ಜಲ್ಲಿ ತಾಗಿದ್ದರೂ ಸದ್ದು ಮಂಕಾಗುತ್ತದೆ, ಆದ್ದರಿಂದ ಮೊದಲು ರಾಡ್ ಕೆಳಗಿನ ಕಲ್ಲನ್ನು ಕಾಲಿನಿಂದ ಸರಿಸಬೇಕು. ಒಂದೆರಡು ತಿಂಗಳಲ್ಲಿ 16 ರಾಡ್‌ನ 16 ಸದ್ದೂ ನನಗೆ ಬೇರೆ ಬೇರೆಯಾಗಿ ಗೊತ್ತಾದವು. ಐದನೆಯದು ಸ್ವಲ್ಪ ಗಡಸು. ಹನ್ನೊಂದನೆಯದು ಎಲ್ಲಕ್ಕಿಂತ ಜಾಸ್ತಿ ಹೊತ್ತು ಗುಂಯ್‌ಗುಡುತ್ತಿತ್ತು.

ನಟ್ ಮೇಲಿಂದ ಸರಳಿನ ತನಕ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ನಟ್ ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಥ್ರೆಡ್‌ಗೆ ಗ್ರೀಸ್ ಸವರಿ, ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಮೇಲೆ ತೊಡಿಸಿದೆ. ಮೂರು ಮಳೆಗಾಲ ಆದ ಮೇಲೂ ಒಂದೇ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಿಚ್ಚಬಹುದು. ಟ್ಯೂಬ್ ಇಲ್ಲದ ಎರಡು ರಾಡ್ ತುಕ್ಕು ಹಿಡಿದು ಕೂತಿವೆ.

ಬಿಸಿಲಿಗೆ ರಾಡ್ ಹಿಗ್ಗಿ ಗೇಜ್ ಬಿಡುತ್ತದಾ ಅಂತ ಹೊಸಬರು ಕೇಳುತ್ತಾರೆ. 1435 ಮಿ.ಮೀ. ಗೇಜ್‌ಗೆ ಲೆಕ್ಕ ಹಾಕಿ ನೋಡಿ. ಉಕ್ಕು 30 ಡಿಗ್ರಿ ಬಿಸಿಯಾದರೆ ಅಷ್ಟು ಉದ್ದಕ್ಕೆ ಹಿಗ್ಗುವುದು ಅರ್ಧ ಮಿ.ಮೀ. ಮಾತ್ರ. ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಟ್ರ್ಯಾಕ್ ಸರ್ಕ್ಯೂಟ್ ಇರುವ ಕಡೆ ನಡುವೆ ಇನ್ಸುಲೇಷನ್ ಇರುವ ರಾಡನ್ನೇ ಹಾಕಿ, ಇದನ್ನು ಮರೆಯಲೇಬೇಡಿ. 1872ರಲ್ಲಿ ವಿಲಿಯಂ ರಾಬಿನ್ಸನ್ ಮಾಡಿಕೊಟ್ಟ ಆ ವಿಧಾನದಲ್ಲಿ ಎರಡು ಹಳಿಯಲ್ಲೂ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ, ಚಕ್ರ ಬಂದು ಎರಡನ್ನೂ ಸೇರಿಸಿದರೆ ಗಾಡಿ ಇದೆ ಅಂತ ಸಿಗ್ನಲ್ ಕೆಂಪಾಗುತ್ತದೆ. ಬರೀ ಉಕ್ಕಿನ ರಾಡ್ ಕೂಡ ಅದೇ ಕೆಲಸ ಮಾಡುತ್ತದೆ. ಗಾಡಿ ಇಲ್ಲದಿದ್ದರೂ ಕೆಂಪು ಹೋಗುವುದಿಲ್ಲ.

ಹೀಗೆ ಒಂದೂವರೆ ವರ್ಷ ನಡೆಯಿತು. ಪ್ರತಿ ತಿಂಗಳು ಗೇಜ್ ಅಳೆದರೆ 3, 4, ಹೆಚ್ಚೆಂದರೆ 5 ಮಿ.ಮೀ. ಜಾಸ್ತಿ. ನನಗೆ ಹೆಮ್ಮೆ. ಆಗ ನಮ್ಮ ದಾರಿ ನೋಡಲು ಕೆಲಸದಿಂದ ನಿವೃತ್ತರಾದ ಹಿರಿಯ ಮೇಸ್ತ್ರಿಯೊಬ್ಬರು ಬಂದರು. ನಾನು ಉತ್ಸಾಹದಿಂದ ರಾಡ್‌ಗಳ ಸದ್ದು ಕೇಳಿಸಿದೆ, ಅಳತೆ ಪುಸ್ತಕ ತೋರಿಸಿದೆ. ಅವರು ಎಲ್ಲ ನೋಡಿ, ತಿರುವಿನ ನಡುವೆ ಕುಳಿತು, ಹೊರ ಹಳಿಯ ಮೇಲೆ ಕೈ ಇಟ್ಟು ಕೇಳಿದರು: “ರಾಡ್ ಪಾದ ಹಿಡಿದಿದೆ, ಸರಿ. ತಲೆ ಯಾರು ಹಿಡಿದಿದ್ದಾರಪ್ಪ?”

ಆ ಮಾತು ನನಗೆ ಆ ಕ್ಷಣಕ್ಕೆ ಅರ್ಥವೇ ಆಗಲಿಲ್ಲ. ಅವರು ಬದಿಯ ಚರಂಡಿಯಿಂದ ಸ್ವಲ್ಪ ಜೇಡಿಮಣ್ಣು ತರಿಸಿದರು. ಗಾಡಿ ಇಲ್ಲದ ಹೊತ್ತು ನೋಡಿ, ದಾರಿ ಬಂದ್ ಮಾಡಿಸಿಕೊಂಡು, ಹೊರ ಹಳಿಯ ಒಳಗಡೆ ಇರುವ ಸ್ಪೈಕ್‌ಗಳ ಹತ್ತಿರ ಕುಳಿತರು. ಕಡಲೆ ಗಾತ್ರದ ಮಣ್ಣಿನ ಉಂಡೆ ಮಾಡಿ, ಹಳಿಯ ಪಾದಕ್ಕೂ ಸ್ಪೈಕ್‌ನ ತಲೆಗೂ ನಡುವಿನ ಸಂದಿಯಲ್ಲಿ ಬೆರಳಿನಿಂದ ತುಂಬಿದರು. ಹಾಗೆ ಏಳು ಕಡೆ. ನಾವು ದೂರ ಹೋಗಿ ನಿಂತೆವು. ತುಂಬಿದ ವ್ಯಾಗನ್‌ಗಳನ್ನು ಎಳೆದುಕೊಂಡು ಲೋಕೋ ಹೋಯಿತು.

ವಾಪಸ್ ಬಂದು ನೋಡಿದರೆ ಏಳರಲ್ಲಿ ಐದು ಕಡೆ ಮಣ್ಣು ಚಪ್ಪಟೆಯಾಗಿ ಹೊರಗೆ ಬಂದಿತ್ತು. ಒಂದು ಕಡೆ ರೊಟ್ಟಿಯ ಹಾಗೆ ತೆಳ್ಳಗೆ, ಮೇಲೆ ಸ್ಪೈಕ್ ತಲೆಯ ಅಚ್ಚು ಮೂಡಿತ್ತು. ಅಂದರೆ ಗಾಡಿ ಹೋಗುವಾಗ ಹಳಿಯ ಪಾದದ ಒಳ ಅಂಚು ಮೇಲೆದ್ದು ಸ್ಪೈಕ್‌ಗೆ ಹೊಡೆದಿದೆ. ಗಾಡಿ ಹೋದ ಮೇಲೆ ತಣ್ಣಗೆ ಜಾಗಕ್ಕೆ ಕೂತಿದೆ. ನಾನು ಗೇಜ್ ಅಳೆಯುತ್ತಿದ್ದದ್ದು ಯಾವಾಗಲೂ ಹಾಗೆ ಕೂತ ಮೇಲೆ.

ಸಂದಿಯ ಅಳತೆ ತೆಗೆದುಕೊಂಡು ಅವತ್ತು ರಾತ್ರಿ ಲೆಕ್ಕ ಹಾಕಿದೆ. ಮೀಟರ್‌ಗೆ 60 ಕೆ.ಜಿ. ತೂಗುವ ಹಳಿ ಅಂತಾರಲ್ಲ, ಯುಐಸಿ 60, ಅದರ ಎತ್ತರ 172 ಮಿ.ಮೀ., ಪಾದದ ಅಗಲ 150. ಒಳ ಅಂಚು 6 ಮಿ.ಮೀ. ಎದ್ದರೆ ಹಳಿ ಹೊರ ಅಂಚಿನ ಮೇಲೆ ವಾಲುತ್ತದೆ, ತಲೆ, ಅಂದರೆ ಚಕ್ರ ಉರುಳುವ ಮೇಲಿನ ಭಾಗ, ಸುಮಾರು 7 ಮಿ.ಮೀ. ಹೊರಗೆ ಹೋಗುತ್ತದೆ. ಗೇಜ್ ಅಳೆಯುವುದೋ ತಲೆಯಲ್ಲಿ, ಹಳಿಯ ಮೇಲ್ಮೈಯಿಂದ 14 ಮಿ.ಮೀ. ಕೆಳಗೆ. ರಾಡ್ ಕಚ್ಚಿ ಹಿಡಿಯುವುದು ಪಾದವನ್ನು. ಪಾದ ಇದ್ದಲ್ಲೇ ಇದ್ದು ತಲೆ ವಾಲಿದರೆ ರಾಡ್‌ಗೆ ಅದನ್ನು ತಡೆಯುವ ಶಕ್ತಿ ತುಂಬಾ ಕಡಿಮೆ. ವಾಲದಂತೆ ತಡೆಯುವುದು ಸ್ಪೈಕ್, ಸ್ಪೈಕ್ ಹಿಡಿದಿರುವ ಮರ. ನನ್ನ ಪುಸ್ತಕದ 4 ಮಿ.ಮೀ. ಗಾಡಿಯ ಕೆಳಗೆ 11 ಆಗುತ್ತಿತ್ತು.

11 ಅಂದರೆ ಏನು ಮಹಾ ಅನ್ನಿಸಬಹುದು. 1435ರ ದಾರಿಯಲ್ಲಿ ಚಕ್ರಜೋಡಿಯ ಒಳ ಅಂತರ 1360 ಮಿ.ಮೀ. ಹತ್ತಿರ, ಹೊಸ ಫ್ಲೇಂಜ್ 32, ಚಕ್ರದ ಅಗಲ 135. ಒಂದು ಫ್ಲೇಂಜ್ ಹಳಿಗೆ ಒತ್ತಿಕೊಂಡಿದ್ದಾಗ ಇನ್ನೊಂದು ಚಕ್ರ ಹಳಿಯ ಮೇಲೆ ಕೂತಿರುವುದು 90 ಮಿ.ಮೀ. ಆಸುಪಾಸು. ಆ ಲೆಕ್ಕದಲ್ಲಿ 11 ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಫ್ಲೇಂಜ್ ಸವೆದಿರುತ್ತದೆ, ಹಳಿಯ ತಲೆಯೂ ಸವೆದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲಾಗಿ ನಾಲ್ಕೈದು ಸ್ಲೀಪರ್ ಒಟ್ಟಿಗೆ ಕೈ ಬಿಟ್ಟರೆ ಹಳಿ 7 ಮಿ.ಮೀ. ವಾಲಿ ನಿಲ್ಲುವುದಿಲ್ಲ, ಮಗುಚಿಕೊಳ್ಳುತ್ತದೆ. ಅವತ್ತು ಮಣ್ಣು ಚಪ್ಪಟೆಯಾದ ಐದರಲ್ಲಿ ಮೂರು ಸ್ಪೈಕ್ ಒಂದರ ಪಕ್ಕ ಒಂದು ಇದ್ದ ಸ್ಲೀಪರ್‌ಗಳವು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಸಿಟ್ಟು ರಾಡ್ ಮೇಲಲ್ಲ. ಅದು ತನ್ನ ಕೆಲಸ ಮಾಡಿದೆ. ಸಿಟ್ಟು ಎರಡು ವಿಷಯಕ್ಕೆ. ಮಾರಾಟದ ಹಾಳೆಯಲ್ಲಿ ಗೇಜ್ ಕಾಪಾಡುತ್ತದೆ ಅಂತ ದಪ್ಪ ಅಕ್ಷರದಲ್ಲಿ ಇದೆ, ಪಾದವನ್ನು ಮಾತ್ರ ಹಿಡಿಯುತ್ತದೆ ಅಂತ ಎಲ್ಲೂ ಇಲ್ಲ. ಇನ್ನೊಂದು, ನಮ್ಮೊಳಗಿನದು. ಒಂದೂವರೆ ವರ್ಷ ನಾನೇ 3, 4 ಅಂತ ಬರೆದು ಕೊಟ್ಟ ಪುಸ್ತಕ ನೋಡಿ ಮೇಲಿನವರು ಹೇಳಿದ್ದು ಇದು: “ಗೇಜ್ ಸರಿಯಾಗೇ ಇದೆಯಲ್ಲ, ಸ್ಲೀಪರ್ ಈ ವರ್ಷ ಬೇರೆ ಕಡೆ ಹೋಗಲಿ.” ನಮ್ಮ ಪಾಲಿನ ಹತ್ತು ಸ್ಲೀಪರ್ ಹಾಗೆ ಕೈ ತಪ್ಪಿದವು. ರಾಡ್ ಹಾಕಿದ್ದರಿಂದಲೇ ತಿರುವು ಇನ್ನೊಂದು ವರ್ಷ ಕೊಳೆತ ಮರದ ಮೇಲೆ ನಿಂತಿತು.

ಈ ಮಾತು ಹೊಸದೇನೂ ಅಲ್ಲ. ಅಮೆರಿಕದ ಹಳಿ ಸುರಕ್ಷತಾ ನಿಯಮಗಳಲ್ಲಿ 213.13 ಅಂತ ಒಂದು ಪುಟ್ಟ ನಿಯಮ ಇದೆ. ಭಾರ ಇಲ್ಲದ ಹಳಿಯನ್ನು ಅಳೆದರೆ, ಭಾರ ಬಿದ್ದಾಗ ಅದು ಎಷ್ಟು ಸರಿಯುತ್ತದೋ ಅಷ್ಟನ್ನೂ ಅಳತೆಗೆ ಕೂಡಿಸಬೇಕು ಅನ್ನುತ್ತದೆ. ನಾನು ಕೂಡಿಸಿರಲಿಲ್ಲ. ಈಗ ಪುಸ್ತಕದಲ್ಲಿ ಎರಡು ಅಂಕಣ ಮಾಡಿದ್ದೇನೆ, ಒಂದು ಅಳತೆ, ಇನ್ನೊಂದು ಮಣ್ಣಿನ ಅಳತೆ ಕೂಡಿಸಿದ್ದು. ಎರಡನೇ ಅಂಕಣ ತೋರಿಸಿದ ಮೇಲೆ 12 ಸ್ಲೀಪರ್ ಬಂತು.

ಹಾಗಾದರೆ ರಾಡ್ ಕೊಳ್ಳಬೇಕಾ? ಮರ ಗಟ್ಟಿ ಇದ್ದು ಸ್ಪೈಕ್ ತೂತು ಮಾತ್ರ ಸ್ವಲ್ಪ ಅಗಲವಾಗಿದ್ದರೆ ಕೊಳ್ಳಿ, ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಲೀಪರ್ ಬರುವ ತನಕ ಕೆಲವು ತಿಂಗಳು ತಡೆದುಕೊಳ್ಳಲು ಕೊಳ್ಳಿ. ಸ್ಲೀಪರ್ ಕೆಳಗೆ ಜಲ್ಲಿ ಒತ್ತುವ ಟ್ಯಾಂಪಿಂಗ್ ಯಂತ್ರ ಬರುವ ದಾರಿಯಾದರೆ ಪ್ರತಿ ಸಲ ಬಿಚ್ಚಿ ಹಾಕುವ ಶ್ರಮ ಲೆಕ್ಕಕ್ಕಿರಲಿ, ಅದರ ಹಲ್ಲುಗಳು ಇಳಿಯುವುದು ರಾಡ್ ಇರುವ ಜಾಗಕ್ಕೇ. ಕಾಂಕ್ರೀಟ್ ಸ್ಲೀಪರ್ ಮೇಲೆ ಕ್ಲಿಪ್ ಹಾಕಿದ ದಾರಿಗೆ ಸುಮ್ನೆ ದುಡ್ಡು ದಂಡ, ಅಲ್ಲಿ ಗೇಜ್ ಸ್ಲೀಪರ್‌ನಲ್ಲೇ ಕೂತಿದೆ. ಕೊಳೆತ ಸ್ಲೀಪರ್ ಸಾಲಾಗಿ ಇರುವ ಕಡೆಗೆ ಮಾತ್ರ ದಯವಿಟ್ಟು ರಾಡ್ ಹಾಕಿ ಸಮಾಧಾನ ಮಾಡಿಕೊಳ್ಳಬೇಡಿ. ಕೊಳ್ಳುವಾಗ ಪಾದದ ಎರಡೂ ಅಂಚನ್ನು ಹಿಡಿಯುವ ದವಡೆ ಇರುವುದನ್ನೇ ಕೇಳಿ. ಹೊರ ಅಂಚಿಗೆ ಮಾತ್ರ ಕೊಕ್ಕೆ ಹಾಕುವುದಕ್ಕಿಂತ ಅದು ಎಷ್ಟೋ ಮೇಲು.

16ರಲ್ಲಿ 7 ರಾಡ್ ಈಗಾಗಲೇ ಬಿಚ್ಚಿದ್ದೇವೆ. ಉಳಿದ 9ರಲ್ಲಿ ಪ್ರತಿಯೊಂದರ ಪಕ್ಕದ ಸ್ಲೀಪರ್ ಮೇಲೆ ಅದನ್ನು ಬಿಚ್ಚಬೇಕಾದ ತಿಂಗಳನ್ನು ಬಣ್ಣದಲ್ಲಿ ಬರೆದಿದ್ದೇನೆ. ಬೆಳಿಗ್ಗೆ ಸುತ್ತಿಗೆ ಹಿಡಿದು ಈಗಲೂ ಹೋಗುತ್ತೇನೆ. ಜೊತೆಗೆ ಒಂದು ಡಬ್ಬಿಯಲ್ಲಿ ಹಸಿ ಮಣ್ಣು ಇರುತ್ತದೆ. ಹನ್ನೊಂದನೇ ರಾಡ್ ಅದೇ ಹಳೇ ದನಿಯಲ್ಲಿ ಗುಂಯ್‌ಗುಡುತ್ತದೆ. ಅದರ ಪಕ್ಕದ ಎರಡು ಸ್ಲೀಪರ್ ಇನ್ನೂ ಬಂದಿಲ್ಲ. ಅಲ್ಲಿ ದಾರಿ ಬಂದ್ ಮಾಡಿಸಿಕೊಂಡು ಎರಡು ಉಂಡೆ ಜಾಸ್ತಿ ಇಡುತ್ತೇನೆ.