ಬೂಟ್ ಮೆನು ಕಾಯದೆ ನೇರ ಚಾಲೂ: ಗ್ರಬ್, ರೆಫೈಂಡ್, ಸಿಸ್ಟಮ್‌ಡಿ-ಬೂಟ್

ಅಪ್ಪನ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು (ಒಂದು ಬಗೆಯ ಲಿನಕ್ಸ್) ಎರಡೂ ಇವೆ. ಬಿಲ್ ಹಾಕುವುದು ಉಬುಂಟುವಿನಲ್ಲಿ. ಕರೆಂಟ್ ಬಂದ ಕೂಡಲೇ ಅದು ತಾನಾಗಿ ಚಾಲೂ ಆಗಬೇಕು, ಅಪ್ಪ ಕೀಬೋರ್ಡ್ ಮುಟ್ಟುವ ಹಾಗಿರಬಾರದು. ಕರೆಂಟ್ ಬಂದಾಗ ಆನ್ ಆಗುವ ಸೆಟ್ಟಿಂಗ್ ಬಯೋಸ್‌ನಲ್ಲೇ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ಸಿಕ್ಕಿತು. ತೊಡಕಾಗಿದ್ದು ಬೂಟ್ ಮೆನು, ಅಂದರೆ ಯಾವ ಸಿಸ್ಟಮ್ ಬೇಕು ಅಂತ ಶುರುವಿನಲ್ಲಿ ಕೇಳುವ ಪಟ್ಟಿ. ಅದನ್ನು ತೋರಿಸುವ ಮೂರು ಪ್ರೋಗ್ರಾಮ್ ನೋಡಿದೆ.

ಮೊದಲು ಗ್ರಬ್. ಟೈಮ್‌ಔಟ್ (ಮೆನು ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದು) ಸೊನ್ನೆ ಮಾಡಿ, ಅದು ಜಾರಿಗೆ ಬರಲು ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿದೆ. ಆದರೂ ಮೆನು ಬಂದು 10 ಸೆಕೆಂಡ್ ನಿಂತಿತು! ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್‌ಗೆ ವಿಂಡೋಸ್ ಕಂಡರೆ ಆ ಸೊನ್ನೆಯನ್ನು ಅದೇ 10 ಮಾಡುತ್ತದೆ. ಅದನ್ನು ಆಫ್ ಮಾಡಿದ ಮೇಲೆ ಸರಿಹೋಯಿತು. ವಾರ ಕಳೆದು ಒಂದು ಸಂಜೆ ಕರೆಂಟ್ ಬಂತು, ಅರ್ಧ ನಿಮಿಷಕ್ಕೇ ಹೋಯಿತು, ಮತ್ತೆ ಬಂತು. ಕೌಂಟರಿನಲ್ಲಿ ನಾಲ್ಕು ಜನ ನಿಂತಿದ್ದಾರೆ, ಪರದೆಯ ಮೇಲೆ ಮೆನು 30ರಿಂದ ಕೆಳಗೆ ಎಣಿಸುತ್ತಿದೆ, ಅಪ್ಪ ಕ್ಯಾಲ್ಕುಲೇಟರ್ ಹುಡುಕುತ್ತಿದ್ದಾರೆ. ಬೂಟ್ ನಡುವೆಯೇ ಕರೆಂಟ್ ಹೋದರೆ ಗ್ರಬ್ ಅದನ್ನು ಸೋತ ಬೂಟ್ ಅಂತ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ರೆಕಾರ್ಡ್‌ಫೇಲ್ ಟೈಮ್‌ಔಟ್ ಅಂತ ಬೇರೆಯದೇ ಸಾಲು ಇದೆ, ಅದನ್ನೂ ಸೊನ್ನೆ ಮಾಡಬೇಕು. ನಮ್ಮ ಕಡೆ ಕರೆಂಟ್ ಹೀಗೆ ಕಣ್ಣುಮುಚ್ಚಾಲೆ ಆಡುವುದು ಮಾಮೂಲಿ ಅಲ್ವಾ, ಹಾಗಾಗಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಒಂದು ಸಾಲು.

ರೆಫೈಂಡ್ ನೋಡಲು ಚಂದ, ದೊಡ್ಡ ಐಕಾನ್‌ಗಳು. ಆದರೆ ಇಲ್ಲಿ ಸೊನ್ನೆಗೆ ಅರ್ಥವೇ ಉಲ್ಟಾ: ಯಾರಾದರೂ ಕೀ ಒತ್ತುವವರೆಗೆ ಕಾಯುತ್ತಲೇ ಇರುತ್ತದೆ. ನೇರ ಹೋಗಬೇಕಾದರೆ ಮೈನಸ್ 1 ಹಾಕಬೇಕು. ಎರಡು ಸಿಸ್ಟಮ್ ನಡುವೆ ದಿನಾ ಓಡಾಡುವವರಿಗೆ ಇದು ಒಳ್ಳೆಯದು, ಅಂಗಡಿಗೆ ಬೇಕಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಸಿಸ್ಟಮ್‌ಡಿ-ಬೂಟ್. ಸೆಟ್ಟಿಂಗ್ ಫೈಲ್ ಎರಡು ಮೂರು ಸಾಲು, ಅಷ್ಟೇ. ಸೊನ್ನೆ ಅಂದರೆ ಸೊನ್ನೆಯೇ, ಮೆನು ಬೇಕಿದ್ದರೆ ಸ್ಪೇಸ್ ಒತ್ತಿ ಹಿಡಿದರಾಯಿತು. ಯುಇಎಫ್ಐ (ಹೊಸ ಬಗೆಯ ಬಯೋಸ್) ಇರುವ ಯಂತ್ರಕ್ಕೆ ಮಾತ್ರ ಆಗುತ್ತದೆ, ಅದು ನಮಗೆ ಅಡ್ಡಿಯಾಗಲಿಲ್ಲ. ಅಡ್ಡಿಯಾಗಿದ್ದು ಜಾಗ. ಕರ್ನಲ್ (ಲಿನಕ್ಸಿನ ತಿರುಳು) ಫೈಲುಗಳನ್ನು ಸಾಮಾನ್ಯವಾಗಿ ಇಎಫ್ಐ ಪಾರ್ಟಿಷನ್ನಿನಲ್ಲೇ, ಅಂದರೆ ಬೂಟ್ ಫೈಲುಗಳಿಗೆಂದೇ ಡಿಸ್ಕಿನಲ್ಲಿ ಮಾಡಿದ ಭಾಗದಲ್ಲಿ, ಇಡಬೇಕು, ಅಲ್ಲಿ ವಿಂಡೋಸ್ ಮಾಡಿಟ್ಟಿದ್ದ ಪಾರ್ಟಿಷನ್ ಬರೀ 100 ಎಂಬಿ. ಒಂದು ಕರ್ನಲ್‌ಗೇ ತುಂಬಿಹೋಯಿತು. ದುಡಿಯುವ ಯಂತ್ರದ ಪಾರ್ಟಿಷನ್ ಸರಿಸಲು ನನಗೆ ಮನಸ್ಸಾಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಪಾರ್ಟಿಷನ್ 1 ಜಿಬಿ ಇದೆ, ಅಲ್ಲಿ ಇದನ್ನೇ ಇಟ್ಟುಕೊಂಡಿದ್ದೇನೆ.

ಅಂಗಡಿಯಲ್ಲಿ ಗ್ರಬ್ಬೇ ಉಳಿಯಿತು, ಆ ಮೂರು ಬದಲಾವಣೆಗಳ ಜೊತೆ. ಲಿನಕ್ಸನ್ನೇ ತೆಗೆಯುವ ಯೋಚನೆ ಇರುವವರು ಮೊದಲು ಬಯೋಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ, ಒಂದು ಸಲ ಆನ್ ಮಾಡಿ ನೋಡಿ, ಆಮೇಲಷ್ಟೇ ಲಿನಕ್ಸ್ ಪಾರ್ಟಿಷನ್ ಅಳಿಸಿ.