ಭತ್ತದ ಗದ್ದೆ ಕೆಂಪಡರಿದರೆ ಔಷಧಿ ಕೊಳ್ಳುವ ಮುನ್ನ ಇದನ್ನು ಓದಿ

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರು, ಅದರಲ್ಲೂ ದಾವಣಗೆರೆ, ಹರಿಹರ ಭಾಗದ ಕಪ್ಪು ಮಣ್ಣಿನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಕಳೆದ ಬೇಸಿಗೆ ಬೆಳೆಯಲ್ಲಿ ನಮ್ಮ ಗದ್ದೆಗೆ ಬಂದಿದ್ದ ಸತುವಿನ (ಜಿಂಕ್) ಕೊರತೆಯನ್ನು ಶಿಲೀಂಧ್ರದಿಂದ ಬರುವ ಬೆಂಕಿ ರೋಗವೆಂದು ಹೇಳಿ ಅಂಗಡಿಯವರು ಔಷಧಿ ಮಾರಿದರು. ಕೊರತೆಯೆಂದು ತಿಳಿದ ಮೇಲೆ ಅದೇ ಅಂಗಡಿಯಿಂದ ಬಂದ ಜಿಂಕ್ ಸಲ್ಫೇಟ್ ಚೀಲದಲ್ಲಿ ಸತುವೇ ಇರಲಿಲ್ಲ.

ನಾಟಿಯಾದ ಮೂರನೆಯ ವಾರದಲ್ಲಿ, ನೀರು ಸದಾ ನಿಲ್ಲುವ ತಗ್ಗಿನ ಮಡಿಗಳಲ್ಲಿ ಪೈರು ಅಲ್ಲಲ್ಲಿ ಕುಳ್ಳಾಗಿ ನಿಂತಿತು. ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು, ಎಲೆಯೇ ಕಂದಾಗತೊಡಗಿತು. ಅಂಗಡಿಯವರು ಮೊಬೈಲಿನ ಫೋಟೊ ನೋಡಿದಷ್ಟಕ್ಕೇ ಶಿಲೀಂಧ್ರನಾಶಕವೊಂದನ್ನೂ ‘ಟಾನಿಕ್’ ಒಂದನ್ನೂ ಕೊಟ್ಟು, ಅವುಗಳ ಜೊತೆಗೆ ಮಾತ್ರ ಯೂರಿಯಾ ಸಿಗುತ್ತದೆಂದರು. ಸಿಂಪಡಿಸಿ ವಾರ ಕಳೆದರೂ ಪೈರು ಚೇತರಿಸಲಿಲ್ಲ. ಬುಡದಿಂದ ಒಡೆಯಬೇಕಿದ್ದ ಮರಿಪೈರು, ಅಂದರೆ ತೆಂಡೆಯೂ ಒಡೆಯಲಿಲ್ಲ.

ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಗದ್ದೆಗೆ ಇಳಿದು ಮೊದಲು ನೋಡಿದ್ದು ಸುಳಿಯನ್ನು. ಎಳೆಯ ಎಲೆಯನ್ನು ಬಿಡಿಸಿ, ಬುಡದ ಕಡೆಯ ನಡುನರ ಬಿಳಿಚಿರುವುದನ್ನು ತೋರಿಸಿದರು. ಬೆಂಕಿ ರೋಗದ ಚುಕ್ಕೆ ಎರಡೂ ತುದಿ ಚೂಪಾಗಿ, ನಡುವೆ ಬೂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಕಂದಾಗಿರುತ್ತದೆ. ನಮ್ಮ ಎಲೆಗಳಲ್ಲಿ ಅಂಥ ಚುಕ್ಕೆ ಒಂದೂ ಇರಲಿಲ್ಲ. ಉತ್ತರ ಭಾರತದಲ್ಲಿ ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ ಇದೇ ಬಾಧೆಯನ್ನು ‘ಖೈರಾ ರೋಗ’ ಎನ್ನುತ್ತಾರೆ. ಅದು ರೋಗಾಣುವಿನಿಂದಲ್ಲ, ಸತುವಿನ ಕೊರತೆಯಿಂದ ಬರುತ್ತದೆಂದು ಪಂತನಗರದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ವೈ. ಎಲ್. ನೆನೆ ಅವರು 1966ರಷ್ಟು ಹಿಂದೆಯೇ ತಿಳಿಸಿದ್ದರು. ಇಷ್ಟು ಹಳೆಯ ತಿಳಿವಳಿಕೆ ಇಂದಿಗೂ ಗೊಬ್ಬರದಂಗಡಿಯ ಕಟ್ಟೆಯವರೆಗೆ ಬಂದಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಯಾವ ಪೋಷಕಾಂಶ ಕಡಿಮೆಯಾಗಿದೆ ಎಂಬುದನ್ನು ಬಹುಮಟ್ಟಿಗೆ ಗಿಡವೇ ತೋರಿಸುತ್ತದೆ. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಗಳಲ್ಲಿರುವುದನ್ನು ಸುಳಿಗೆ ಸಾಗಿಸಿಕೊಳ್ಳುವುದರಿಂದ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಪೊಟ್ಯಾಷ್ ಕೊರತೆಯಲ್ಲಿ ಹಳೆಯ ಎಲೆಗಳ ತುದಿ ಮತ್ತು ಅಂಚು ಸುಟ್ಟಂತಾಗುತ್ತವೆ. ಕಬ್ಬಿಣ ಹಾಗೆ ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಮೊದಲು ಬಿಳಿಚುವುದು ಸುಳಿ. ಸತುವಿನ ಅಗತ್ಯ ಬಹಳ ಸಣ್ಣದು, ಆದರೆ ಬೆಳವಣಿಗೆಗೆ ಬೇಕಾದ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಲು ಮತ್ತು ಹಲವು ಕಿಣ್ವಗಳು ಕೆಲಸ ಮಾಡಲು ಅದು ಬೇಕೇ ಬೇಕು. ಅದಿಲ್ಲದೆ ಕುಳ್ಳಾದ ಪೈರಿಗೆ ಎಷ್ಟು ಯೂರಿಯಾ ಸುರಿದರೂ ಆ ಕೊರತೆ ತುಂಬುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣು, ಬಿಡುವಿಲ್ಲದೆ ನಿಂತ ನೀರು, ವರ್ಷಗಟ್ಟಲೆ ಹಾಕಿದ ಡಿಎಪಿ ಗೊಬ್ಬರದಿಂದ ಕೂಡಿಬಿದ್ದ ರಂಜಕ, ಇವು ಮೂರೂ ಮಣ್ಣಿನಲ್ಲಿರುವ ಸತು ಬೇರಿಗೆ ಸಿಗದಂತೆ ಮಾಡುತ್ತವೆ. ನಮ್ಮ ಭಾಗದ ಎಷ್ಟೋ ಗದ್ದೆಗಳಲ್ಲಿ ಮೂರೂ ಒಟ್ಟಿಗೇ ಇವೆ.

ಇಷ್ಟು ತಿಳಿದು ಜಿಂಕ್ ಸಲ್ಫೇಟ್ ತರಿಸಿದಾಗ ಎರಡನೆಯ ಮೋಸವಾಯಿತು. ಅಂಗಡಿಯವರು ಬಿಲ್ಲಿನ ಬದಲು ಮೊತ್ತವನ್ನಷ್ಟೇ ಬರೆದ ಚೀಟಿ ಕೊಟ್ಟರು. ಆ ಗೊಬ್ಬರ ಸಿಂಪಡಿಸಿದರೂ ಹೊಸ ಎಲೆಗಳ ಬಣ್ಣ ತಿರುಗದಿದ್ದಾಗ, ಉಳಿದಿದ್ದ ಹರಳುಗಳನ್ನು ತಜ್ಞರ ಮುಂದಿಟ್ಟೆವು. ನೋಡಲು ಒಂದೇ ತೆರನಾಗಿರುವ, ಬೆಲೆಯಲ್ಲಿ ಅಗ್ಗವಾದ ಮೆಗ್ನೀಷಿಯಂ ಸಲ್ಫೇಟನ್ನು ಈ ಹೆಸರಿನಲ್ಲಿ ಮಾರುವುದುಂಟೆಂದು ಹೇಳಿ, ಅವರು ಒಂದು ಪರೀಕ್ಷೆ ಮಾಡಿ ತೋರಿಸಿದರು. ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಡಿಎಪಿಯನ್ನು ಕರಗಿಸಿ, ತಿಳಿಯನ್ನು ಬಸಿದುಕೊಂಡು, ಇನ್ನೊಂದು ಲೋಟದಲ್ಲಿ ಕರಗಿಸಿದ ಜಿಂಕ್ ಸಲ್ಫೇಟನ್ನು ಅದಕ್ಕೆ ಸುರಿಯಬೇಕು. ಅಸಲಿ ಮಾಲಾದರೆ ನೀರು ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಮೆಗ್ನೀಷಿಯಂ ಆಗಿದ್ದರೆ ಹಾಗೆ ಒಡೆಯುವುದಿಲ್ಲ. ನಮ್ಮ ಲೋಟದ ನೀರು ಒಡೆಯಲಿಲ್ಲ. ಇದು ಅನುಮಾನವನ್ನು ಗಟ್ಟಿಮಾಡುವ ಪರೀಕ್ಷೆಯಷ್ಟೇ ಆದ್ದರಿಂದ, ದೂರು ಕೊಡುವುದಾದರೆ ಪ್ರಯೋಗಾಲಯದ ವರದಿ ಬೇಕಾಗುತ್ತದೆ.

ಅದೇ ಲೋಟದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಸತು ಮತ್ತು ರಂಜಕ ಸೇರಿದರೆ ಕರಗದ ವಸ್ತುವಾಗುವುದರಿಂದ, ಡಿಎಪಿಯನ್ನೂ ಜಿಂಕ್ ಸಲ್ಫೇಟನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಿ ಎರಚಿರೆಂದು ಯಾರು ಹೇಳಿದರೂ ಒಪ್ಪಬೇಡಿ.

ಜಿಂಕ್ ಸಲ್ಫೇಟ್ ಎರಡು ಬಗೆಯಲ್ಲಿ ಸಿಗುತ್ತದೆ, ಕೊಳ್ಳುವಾಗ ಚೀಲದ ಮೇಲೆ ಸತುವಿನ ಪ್ರಮಾಣ ನೋಡಿ: ಹೆಪ್ಟಾಹೈಡ್ರೇಟ್ ಆದರೆ 21%, ಮೊನೊಹೈಡ್ರೇಟ್ ಆದರೆ 33% ಇರಬೇಕು. ಗೊಬ್ಬರದ ಹೆಸರು ಬರೆದ ಬಿಲ್ಲನ್ನು ಕೇಳಿ ಪಡೆಯಿರಿ, ಒಂದು ಚೀಲವನ್ನಾದರೂ ಬಿಚ್ಚದೆ ಇಡಿ. ಅನುಮಾನ ಬಂದರೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ ಮಾದರಿ ತೆಗೆಸಲು ಅದು ನೆರವಾಗುತ್ತದೆ. ನಿಂತ ಪೈರಿನಲ್ಲಿ ಕೊರತೆ ಕಂಡರೆ, ನೀರನ್ನು ಕೆಲವು ದಿನ ಬಸಿದು, 100 ಲೀಟರ್ ನೀರಿಗೆ 500 ಗ್ರಾಂ ಹೆಪ್ಟಾಹೈಡ್ರೇಟ್ ಮತ್ತು 250 ಗ್ರಾಂ ಅರಳಿಸಿದ ಸುಣ್ಣದ ತಿಳಿ ಸೇರಿಸಿ ಸಿಂಪಡಿಸುವುದು ರೂಢಿಯಲ್ಲಿರುವ ಶಿಫಾರಸು.

ನಾವು ಕೊನೆಗೆ ಬೇರೆ ಕಡೆಯಿಂದ ಅಸಲಿ ಗೊಬ್ಬರ ತಂದು ಹೊಡೆದಾಗ ಹೊಸ ಎಲೆಗಳು ಹಸಿರಾಗಿ ಬಂದವು. ಆದರೆ ತೆಂಡೆ ಒಡೆಯುವ ಹೊತ್ತು ಅಷ್ಟರಲ್ಲಿ ಮುಗಿದಿತ್ತು. ತಗ್ಗಿನ ಮಡಿಗಳ ಪೈರು ತೆನೆಗೆ ಬರುವುದೂ ತಡವಾಗಿ, ಕೊಯ್ಲಿನಲ್ಲಿ ಅರೆಬಲಿತ ಕಾಳೇ ಹೆಚ್ಚಾಯಿತು. ಮುಂದಿನ ನಾಟಿಗೆ ನಾಲೆಯಲ್ಲಿ ನೀರು ಬಿಡುವ ಮೊದಲೇ ಮಣ್ಣು ಪರೀಕ್ಷೆಗೆ ಕೊಡಿ, ವರದಿಯಲ್ಲಿ ಸತುವಿನ ಸಾಲನ್ನು ನೋಡಿ: ಅದು 0.6 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಮಣ್ಣಿನಲ್ಲಿ 0.6 ಭಾಗ) ಕಡಿಮೆಯಿದ್ದರೆ, ಎಕರೆಗೆ 8ರಿಂದ 10 ಕಿಲೊ ಹೆಪ್ಟಾಹೈಡ್ರೇಟನ್ನು ನಾಟಿಗೆ ಮುಂಚೆಯೇ ಮಣ್ಣಿಗೆ ಕೊಡಬೇಕಾಗುತ್ತದೆ.