ಮಳೆಗಾಲದ ಬಿಡುವಿನ ಬಳಿಕ ಮೈದಾನಕ್ಕೆ: ಕಾಸರಗೋಡಿನ ಒಂದು ಫಿಸಿಯೋಥೆರಪಿ ಕೇಂದ್ರದ ಸೇವೆ

ಕಾಸರಗೋಡು ಜಿಲ್ಲೆಯ ಕಾಲೇಜುಗಳಲ್ಲಿ ಏಪ್ರಿಲ್, ಮೇ ತಿಂಗಳ ರಜೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಮುರಕಲ್ಲಿನ ಗುಡ್ಡೆಯನ್ನು ಸಮತಟ್ಟು ಮಾಡಿ ನಿರ್ಮಿಸಿದ ಮೈದಾನಗಳು ಪಾಚಿ ಕಟ್ಟಿ ಜಾರುವುದರಿಂದ, ಫುಟ್‌ಬಾಲ್ ಮತ್ತು ಕಬಡ್ಡಿ ಆಡುವ ವಿದ್ಯಾರ್ಥಿಗಳ ಅಭ್ಯಾಸ ತಿಂಗಳುಗಟ್ಟಲೆ ನಿಂತುಹೋಗುತ್ತದೆ. ಆಮೇಲೆ ಕಣ್ಣೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಗಳ ದಿನಾಂಕ ಗೊತ್ತಾದೊಡನೆ ಎಲ್ಲರಿಗೂ ಅವಸರ. ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತಿರುವ ನಾನು ಕಂಡಂತೆ, ಉಳುಕು, ತೊಡೆಯ ಹಿಂಭಾಗದ ಸೆಳೆತ, ಹಿಮ್ಮಡಿಯ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಮೊದಲ ವಾರಗಳಲ್ಲಿಯೇ. ಆದ್ದರಿಂದ ಈ ಬಾರಿ ನಮ್ಮ ಆಟಗಾರರನ್ನು ಕಾಸರಗೋಡು ಪೇಟೆಯ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ, ಗಾಯವಾಗುವ ಮೊದಲೇ, ತಪಾಸಣೆಗಾಗಿ ಕರೆದುಕೊಂಡು ಹೋದೆ.

ತಪಾಸಣೆಯ ರೀತಿ ನನಗೆ ಬಹಳ ಹಿಡಿಸಿತು. ಹಿಂದಿನ ಗಾಯಗಳನ್ನೂ ಬಿಡುವಿನ ಅವಧಿಯನ್ನೂ ವಿಚಾರಿಸಿದ ಬಳಿಕ, ಪ್ರತಿಯೊಬ್ಬರನ್ನೂ ಗೋಡೆಗೆ ಬೆರಳ ತುದಿ ತಾಗಿಸಿ ಒಂಟಿ ಕಾಲಿನಲ್ಲಿ ನಿಲ್ಲಿಸಿ, ಮೊಬೈಲಿನ ತಾಳಕ್ಕೆ ಸರಿಯಾಗಿ ಹಿಮ್ಮಡಿ ಎತ್ತಿ ಇಳಿಸಲು ಹೇಳಿದರು. ಫಿಸಿಯೋಥೆರಪಿಸ್ಟ್ ನೆಲದ ಮೇಲೆ ಮಂಡಿಯೂರಿ ಕುಳಿತು ಹಿಮ್ಮಡಿ ಏರುವ ಎತ್ತರವನ್ನೇ ಗಮನಿಸುತ್ತಿದ್ದರು. ನಮ್ಮ ತಂಡದ ಅತ್ಯಂತ ವೇಗದ ಓಟಗಾರನ ಬಲ ಹಿಮ್ಮಡಿ ಕೆಲವೇ ಸಲ ಪೂರ್ತಿ ಎದ್ದು, ಆಮೇಲೆ ಅರ್ಧಕ್ಕೇ ನಿಂತು ನಡುಗತೊಡಗಿತು. ಎಡಗಾಲಿಗೆ ಆ ತೊಂದರೆ ಇರಲಿಲ್ಲ. ಅವನಿಗೆ ಉಸಿರು ಕಟ್ಟಿರಲಿಲ್ಲ, ನೋವೂ ಇರಲಿಲ್ಲ. ನೇರವಾಗಿ ಮೈದಾನಕ್ಕೆ ಇಳಿಸಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಲ್ಲಿ ಕೊಟ್ಟ ವಿವರಣೆ ಸ್ಪಷ್ಟವಾಗಿತ್ತು. ಅಭ್ಯಾಸ ಪುನರಾರಂಭವಾದಾಗ ದಮ್ಮು ಬೇಗನೆ ಸುಧಾರಿಸುತ್ತದೆ, ಸ್ನಾಯುಗಳ ಬಲವೂ ಸಾಕಷ್ಟು ಬೇಗ ಮರಳುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಕಡಿಮೆಯಾದ್ದರಿಂದ ಅವು ಹೊರೆಗೆ ಒಗ್ಗಿಕೊಳ್ಳಲು ಹೆಚ್ಚು ಕಾಲ ಬೇಕು. ಆಟಗಾರ ತಾನು ಸಿದ್ಧನಾಗಿದ್ದೇನೆ ಎಂದು ನಂಬುವ ದಿನಕ್ಕೂ ಅವನ ಹಿಮ್ಮಡಿ ಸಿದ್ಧವಾಗುವ ದಿನಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ಅಪಾಯವಿದೆ. 2011ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ನಮ್ಮ ಫುಟ್‌ಬಾಲಿಗಿಂತ ಬೇರೆಯಾದ ಆಟ) ಲೀಗಿನಲ್ಲಿ ಮಾಲೀಕರ ಮತ್ತು ಆಟಗಾರರ ವಿವಾದದಿಂದ ತಿಂಗಳುಗಟ್ಟಲೆ ತಂಡದ ತರಬೇತಿ ನಿಂತು ಮತ್ತೆ ಆರಂಭವಾದಾಗ, ಮೊದಲ 29 ದಿನಗಳಲ್ಲಿ 12 ಆಟಗಾರರ ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಅದೇ ವರ್ಷದ ಜನವರಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ 13 ಆಟಗಾರರು ಚಳಿಗಾಲದ ರಜೆಯ ನಂತರದ ಕಠಿಣ ಬೈಠಕ್ ಅಭ್ಯಾಸದಿಂದ ಸ್ನಾಯುಕೋಶಗಳು ಒಡೆದು ಆಸ್ಪತ್ರೆ ಸೇರಿದ್ದರು. ತಡವಾಗಿ ಬಂದವರಿಗೆ ನೂರು ಬೈಠಕ್ ಶಿಕ್ಷೆ ವಿಧಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ಇಂದೇ ನಿಲ್ಲಿಸಬೇಕು. ಅಭ್ಯಾಸದ ಮರುದಿನ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಹೀಗೆ ಸ್ನಾಯುಕೋಶಗಳು ಒಡೆದುದರ ಸೂಚನೆಯಾಗಿರಬಹುದು, ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಕೇಂದ್ರದವರು ಮಕ್ಕಳಿಗೆ ಬಿಡಿಸಿ ಹೇಳಿದರು.

ತಪಾಸಣೆಯ ನಂತರ ನೀಡುವ ನಾಲ್ಕು ವಾರಗಳ ಕಾರ್ಯಕ್ರಮವು 2019ರಲ್ಲಿ ಅಮೆರಿಕದ ತರಬೇತುದಾರರ ಎರಡು ಸಂಘಟನೆಗಳು ಜಂಟಿಯಾಗಿ ಹೊರತಂದ ಮಾರ್ಗಸೂಚಿಯನ್ನು ಆಧರಿಸಿದೆ: ಅಭ್ಯಾಸದ ಪೂರ್ಣ ಪ್ರಮಾಣದಲ್ಲಿ ಮೊದಲ ವಾರ ಶೇ. 50, ಮುಂದಿನ ವಾರಗಳಲ್ಲಿ ಕ್ರಮವಾಗಿ ಶೇ. 30, 20 ಮತ್ತು 10 ಕಡಿತ. ಇದರೊಂದಿಗೆ ಫುಟ್‌ಬಾಲ್ ತಂಡಕ್ಕೆ 'ಫಿಫಾ 11+' ವಾರ್ಮ್ ಅಪ್ ಕಲಿಸಿದರು. ಸುಮಾರು 20 ನಿಮಿಷಗಳ ಈ ಅಭ್ಯಾಸಕ್ಕೆ ಚೆಂಡು ಮತ್ತು ಮೈದಾನ ಬಿಟ್ಟು ಬೇರೇನೂ ಬೇಡ. ಮೊದಲ ವಾರದ ಅರ್ಧ ಅಭ್ಯಾಸ ಮಕ್ಕಳಿಗೆ ಸಾಲಲಿಲ್ಲ, ಗೊಣಗಿದರು. ಆದರೂ ಆ ಮಿತಿಯನ್ನು ಬಿಟ್ಟುಕೊಡದೆ ಹಿಡಿದುಕೊಂಡದ್ದೇ ಈ ಸೇವೆಯ ನಿಜವಾದ ಬೆಲೆ ಎಂದು ನಾನು ಭಾವಿಸುತ್ತೇನೆ.

ಕೊರತೆಗಳೂ ಇವೆ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳ ಹಾಳೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಬದಿಯಡ್ಕ, ಪೈವಳಿಕೆ ಕಡೆಯಿಂದ ಬರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ, ಅದರಲ್ಲೂ ಅವರ ತಂದೆತಾಯಿಯರಿಗೆ, ಕನ್ನಡದ ಹಾಳೆ ಅಗತ್ಯವಾಗಿ ಬೇಕು. ಮಾತಿನಲ್ಲಿ ಕನ್ನಡ ಬಳಸುವ ಕೇಂದ್ರಕ್ಕೆ ಇದು ಕಷ್ಟವಾಗಲಾರದು. ಜಿಗಿತದ ಪರೀಕ್ಷೆಯನ್ನು ನುಣುಪಾದ ಟೈಲ್ಸ್ ನೆಲದಲ್ಲಿ ನಡೆಸುತ್ತಾರೆ. ಜಲ್ಲಿಯಂತಹ ಚೂರುಕಲ್ಲು ಎದ್ದ ಮುರಕಲ್ಲಿನ ನೆಲದಲ್ಲಿ ಪಾದ ತಿರುಗುವ ರೀತಿಯೇ ಬೇರೆಯಾದ್ದರಿಂದ, ಕೊನೆಯ ಪರೀಕ್ಷೆಯನ್ನಾದರೂ ಮೈದಾನಕ್ಕೆ ಬಂದು ನಡೆಸಬೇಕು. ಮಹಿಳಾ ಫಿಸಿಯೋಥೆರಪಿಸ್ಟ್ ಎಲ್ಲ ದಿನವೂ ಇರುವುದಿಲ್ಲ.

ಒಬ್ಬರಿಗೆ ತಗಲುವ ಶುಲ್ಕ ಒಂದು ಜೊತೆ ಸಾಧಾರಣ ಬೂಟಿನ ಬೆಲೆಗಿಂತ ಕಡಿಮೆ; ತಂಡವಾಗಿ ಹೋದರೆ ರಿಯಾಯಿತಿಯೂ ಇದೆ. ಪಂದ್ಯಕ್ಕೆ ಕನಿಷ್ಠ ಐದಾರು ವಾರ ಮೊದಲೇ ಹೋಗುವುದು ಒಳ್ಳೆಯದು. ಆಡುವಾಗ ಹಾಕುವ ಬೂಟನ್ನೇ ತೆಗೆದುಕೊಂಡು ಹೋಗಿ; ಅದರ ಅಡಿ ಸವೆದ ರೀತಿಯನ್ನೂ ಅವರು ಪರಿಶೀಲಿಸುತ್ತಾರೆ.